ಗಂಡನದು ಅಮೆರಿಕದ ಪಾಸ್‌ಪೋರ್ಟು, ಹೆಂಡತಿಯದು ಭಾರತದ್ದು: ಒಬ್ಬರು ತೀರಿಕೊಂಡರೆ ಆಸ್ತಿಯ ತೆರಿಗೆ ಹೇಗೆ?

ಭಾರತದಲ್ಲಿ ತೀರಿಕೊಂಡವರ ಆಸ್ತಿಗೆ ಸರ್ಕಾರ ತೆರಿಗೆ ಹಾಕುವುದಿಲ್ಲ. ಅಮೆರಿಕದಲ್ಲಿ ಹಾಕುತ್ತಾರೆ, ಅದಕ್ಕೆ ಎಸ್ಟೇಟ್ ಟ್ಯಾಕ್ಸ್ ಎನ್ನುತ್ತಾರೆ. 1953ರಲ್ಲಿ ಬಂದ ಎಸ್ಟೇಟ್ ಡ್ಯೂಟಿ 1985ರಲ್ಲೇ ರದ್ದಾಯಿತು. ಅಪ್ಪನ ಹೊಲ ಮಕ್ಕಳ ಹೆಸರಿಗೆ ಬರಬೇಕಾದರೆ ವಂಶವೃಕ್ಷ ತೆಗೆಸಿ, ಪೌತಿ ಖಾತೆಗೆ ಅರ್ಜಿ ಹಾಕಿ, ಪಹಣಿಯಲ್ಲಿ ಹೆಸರು ಕೂತರೆ ಮುಗಿಯಿತು. ಹೀಗಾಗಿ ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಅಮೆರಿಕಕ್ಕೆ ಹೋದ ಡಾಕ್ಟರು, ಎಂಜಿನಿಯರುಗಳ ಮನೆಗಳಲ್ಲಿ ಇನ್‌ಕಮ್ ಟ್ಯಾಕ್ಸ್ ಮಾತು ಪ್ರತಿ ವರ್ಷ ಬರುತ್ತದೆ, ಎಸ್ಟೇಟ್ ಟ್ಯಾಕ್ಸ್ ಮಾತು ಬರುವುದೇ ಇಲ್ಲ. ಬರುವ ಹೊತ್ತಿಗೆ ಇಬ್ಬರಲ್ಲಿ ಒಬ್ಬರು ಉಳಿದಿರುವುದಿಲ್ಲ.

ಮೊದಲು ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಇಟ್ಟುಕೊಳ್ಳಬೇಕು. ತೀರಿಕೊಂಡವರು ಅಮೆರಿಕದ ಪ್ರಜೆಯೋ ಅಥವಾ ಅಲ್ಲೇ ಕಾಯಂ ನೆಲೆ ಮಾಡಿದವರೋ ಎಂಬುದು ಎಷ್ಟು ಆಸ್ತಿಗೆ ವಿನಾಯಿತಿ ಸಿಗುತ್ತದೆ ಎಂದು ತೀರ್ಮಾನಿಸುತ್ತದೆ. ಉಳಿದವರು ಅಮೆರಿಕದ ಪ್ರಜೆಯೋ ಅಲ್ಲವೋ ಎಂಬುದು ಗಂಡ ಹೆಂಡತಿ ನಡುವಿನ ಪೂರ್ತಿ ಮಾಫಿ ಸಿಗುತ್ತದೋ ಇಲ್ಲವೋ ಎಂದು ತೀರ್ಮಾನಿಸುತ್ತದೆ. ಗ್ರೀನ್ ಕಾರ್ಡ್ ಇದೆ, ಹಾಗಾಗಿ ಎಲ್ಲ ಸರಿ ಎನ್ನುವವರು ಈ ಎರಡನ್ನು ಒಂದೇ ಎಂದುಕೊಂಡಿರುತ್ತಾರೆ. ಗ್ರೀನ್ ಕಾರ್ಡ್ ಕಾಯಂ ವಾಸದ ಪರವಾನಗಿ ಅಷ್ಟೆ, ಅದು ಇರುವವರು ಪ್ರಜೆಯಲ್ಲ.

ನೆಲೆ ಎಂದೆನಲ್ಲ, ಅದಕ್ಕೆ ಕಾನೂನಿನ ಮಾತು ಡೊಮಿಸೈಲ್. ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ 371 ಜೆ ಪ್ರಮಾಣಪತ್ರಕ್ಕಾಗಿ ತಹಶೀಲ್ ಕಚೇರಿ, ಸಹಾಯಕ ಆಯುಕ್ತರ ಕಚೇರಿ ಅಲೆದ ನಮ್ಮ ಕಡೆಯವರಿಗೆ "ನೀವು ಎಲ್ಲಿಯವರು" ಎಂಬ ಪ್ರಶ್ನೆ ಹೊಸದಲ್ಲ. ಆದರೆ ಇಲ್ಲಿ ಹುಟ್ಟು ನೋಡುತ್ತಾರೆ, ಹತ್ತು ವರ್ಷದ ವಾಸ ನೋಡುತ್ತಾರೆ. ಅಮೆರಿಕದ ಎಸ್ಟೇಟ್ ಟ್ಯಾಕ್ಸಿನಲ್ಲಿ ವರ್ಷದ ಲೆಕ್ಕ ಇಲ್ಲ, ಮನಸ್ಸಿನ ಲೆಕ್ಕ. ಸ್ವಲ್ಪ ಕಾಲ ಇದ್ದರೂ ಸರಿ, ಬಿಟ್ಟು ಹೋಗುವ ಖಚಿತ ಯೋಚನೆ ಇಲ್ಲದೆ ಅಲ್ಲಿ ಇದ್ದರೆ ಅದೇ ನಿಮ್ಮ ನೆಲೆ. ಇನ್‌ಕಮ್ ಟ್ಯಾಕ್ಸಿಗೆ ದಿನ ಎಣಿಸುವ ಸೂತ್ರ ಇಲ್ಲಿ ನಡೆಯುವುದಿಲ್ಲ. ಹೀಗಾಗಿ ಎಚ್-1ಬಿ ಎಂಬ ಕೆಲಸದ ವೀಸಾ ಮೇಲೆ ಹನ್ನೆರಡು ವರ್ಷ ಇದ್ದು, ಅಲ್ಲೇ ಮನೆ ಕೊಂಡು, ಗ್ರೀನ್ ಕಾರ್ಡ್ ಸಾಲಿನಲ್ಲಿ ಕಾಯುತ್ತಿರುವವರು ಅಲ್ಲಿಯವರು ಎನಿಸಬಹುದು. ಗ್ರೀನ್ ಕಾರ್ಡ್ ಇದ್ದೂ ಕಲಬುರಗಿಯಲ್ಲಿ ಮನೆ ಕಟ್ಟಿ, ಮಕ್ಕಳನ್ನು ಇಲ್ಲಿನ ಶಾಲೆಗೆ ಹಾಕಿದವರು ಇಲ್ಲಿಯವರು ಎನಿಸಬಹುದು. ತೀರಿಕೊಂಡವರ ಮನಸ್ಸನ್ನು ಕೇಳಲಾಗುವುದಿಲ್ಲ, ಕಾಗದ ನೋಡುತ್ತಾರೆ: ವೀಸಾ ಅರ್ಜಿಯಲ್ಲಿ ಏನು ಬರೆದಿದ್ದರು, ಕುಟುಂಬ ಎಲ್ಲಿತ್ತು, ದೊಡ್ಡ ಮನೆ ಎಲ್ಲಿತ್ತು, ವಿಲ್‌ನಲ್ಲಿ ತಮ್ಮ ನೆಲೆ ಯಾವುದೆಂದು ಹೇಳಿದ್ದರು. ವಿಲ್ ಬರೆಸುವಾಗ ಆ ಒಂದು ಸಾಲನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಈಗ ಅಂಕಿ. ಅಮೆರಿಕದ ಪ್ರಜೆಗೆ ಅಥವಾ ಅಲ್ಲಿ ನೆಲೆಸಿದವರಿಗೆ 2026ರಲ್ಲಿ 1.5 ಕೋಟಿ ಡಾಲರ್‌ವರೆಗೆ ಕೇಂದ್ರದ ಎಸ್ಟೇಟ್ ಟ್ಯಾಕ್ಸ್ ಇಲ್ಲ. 2025ರಲ್ಲಿ ಇದು 1 ಕೋಟಿ 39 ಲಕ್ಷ 90 ಸಾವಿರ ಇತ್ತು, 2025ರ ಜುಲೈನಲ್ಲಿ ಬಂದ ಕಾನೂನು ಏರಿಸಿತು. ಮೇಲಿನ ಮೊತ್ತಕ್ಕೆ ಶೇ 40. ಇವರ ಲೆಕ್ಕಕ್ಕೆ ಜಗತ್ತಿನ ಎಲ್ಲ ಆಸ್ತಿ ಸೇರುತ್ತದೆ, ಆಳಂದದ ಹೊಲವೂ ಸೇರುತ್ತದೆ. ಪ್ರಜೆಯೂ ಅಲ್ಲ, ನೆಲೆಯೂ ಅಲ್ಲಿಲ್ಲ ಎಂದರೆ ವಿನಾಯಿತಿ ಕೇವಲ 60 ಸಾವಿರ ಡಾಲರ್. ಅವರಿಗೆ ಅಮೆರಿಕದೊಳಗಿನ ಆಸ್ತಿ ಮಾತ್ರ ಲೆಕ್ಕ. 1.5 ಕೋಟಿ ಎಲ್ಲಿ, 60 ಸಾವಿರ ಎಲ್ಲಿ. ಕೆಲವು ದೇಶಗಳ ಜೊತೆ ಅಮೆರಿಕ ಎಸ್ಟೇಟ್ ಟ್ಯಾಕ್ಸ್ ಒಪ್ಪಂದ ಮಾಡಿಕೊಂಡಿದ್ದು, ಆ ದೇಶದವರಿಗೆ ಇಲ್ಲಿ ಸಡಿಲಿಕೆ ಸಿಗುತ್ತದೆ. ಭಾರತದ ಜೊತೆ ಇರುವುದು ಆದಾಯ ತೆರಿಗೆಯ ಒಪ್ಪಂದ ಮಾತ್ರ.

ಗಂಡ ಹೆಂಡತಿ ನಡುವಿನ ಮಾಫಿ ಬೇರೆ ವಿಷಯ. ಉಳಿದವರು ಅಮೆರಿಕದ ಪ್ರಜೆಯಾಗಿದ್ದರೆ ಎಷ್ಟೇ ಆಸ್ತಿ ಅವರಿಗೆ ಬಂದರೂ ಆಗ ತೆರಿಗೆ ಇಲ್ಲ. ಪ್ರಜೆಯಲ್ಲದಿದ್ದರೆ ಈ ಮಾಫಿ ಇಲ್ಲ. 1988ರ ಕಾನೂನು ಇದನ್ನು ತೆಗೆಯಿತು. ವಿದೇಶಿ ವಿಧವೆ ಹಣ ತೆಗೆದುಕೊಂಡು ತವರಿಗೆ ಹೋದರೆ ತೆರಿಗೆ ಮತ್ತೆಂದೂ ಸಿಗುವುದಿಲ್ಲ ಎಂಬುದು ಕಾನೂನು ತಂದವರ ವಾದ. ಮದುವೆಯಾಗಿ ಮೂವತ್ತು ವರ್ಷ ಅಲ್ಲೇ ಇದ್ದು, ಟ್ಯಾಕ್ಸ್ ಕಟ್ಟಿ, ಮಕ್ಕಳನ್ನು ಬೆಳೆಸಿದ ಹೆಣ್ಣುಮಗಳಿಗೂ ಇದೇ ನಿಯಮ. ಇದು ನ್ಯಾಯವಲ್ಲ ಎಂದೇ ನನ್ನ ಅಭಿಪ್ರಾಯ. ಆದರೆ ನಿಯಮ ಇದೆ, ಅದರೊಳಗೇ ದಾರಿ ಹುಡುಕಬೇಕು.

ಹಾಗೆಂದು ಹೆದರುವ ಅಗತ್ಯವಿಲ್ಲ. ಗಂಡ ಅಲ್ಲಿ ನೆಲೆಸಿದವನಾಗಿ, ಒಟ್ಟು ಆಸ್ತಿ 30 ಲಕ್ಷ ಡಾಲರ್ ಇದ್ದರೆ, ಹೆಂಡತಿ ಪ್ರಜೆಯಲ್ಲದಿದ್ದರೂ ಕೇಂದ್ರಕ್ಕೆ ಒಂದು ಡಾಲರೂ ಕಟ್ಟಬೇಕಿಲ್ಲ. ಅವನ ಸ್ವಂತ ವಿನಾಯಿತಿಯೇ ಸಾಕು. ಮಾಫಿ ಬೇಕಾಗುವುದು 1.5 ಕೋಟಿ ದಾಟಿದಾಗ, ಅಥವಾ ಗಂಡ ಪ್ರಜೆಯೂ ಅಲ್ಲದೆ, ಅವನ ನೆಲೆಯೂ ಅಮೆರಿಕ ಅಲ್ಲದಿದ್ದಾಗ. ರಾಜ್ಯದ ತೆರಿಗೆ ಬೇರೆ: ಒರೆಗಾನ್‌ನಲ್ಲಿ 10 ಲಕ್ಷ ಡಾಲರ್‌ಗೇ ಶುರುವಾಗುತ್ತದೆ, ಮ್ಯಾಸಚೂಸೆಟ್ಸ್‌ನಲ್ಲಿ 20 ಲಕ್ಷಕ್ಕೆ, ಇಲಿನಾಯ್‌ನಲ್ಲಿ 40 ಲಕ್ಷಕ್ಕೆ. ಟೆಕ್ಸಸ್, ಕ್ಯಾಲಿಫೋರ್ನಿಯಾಗಳಲ್ಲಿ ಇಲ್ಲ. ಮನೆ ಬೆಲೆ ಏರಿರುವ ಈ ಕಾಲದಲ್ಲಿ ಒರೆಗಾನ್‌ನಲ್ಲಿರುವ ಸಾಧಾರಣ ಸಂಬಳದ ಜೋಡಿಯೂ ಈ ಲೆಕ್ಕದೊಳಗೆ ಬರಬಹುದು.

ಮಾಫಿ ಬೇಕೇಬೇಕು ಎಂದಾಗ ಇರುವ ದಾರಿ ಕ್ಯೂಡಾಟ್ ಎಂಬ ಟ್ರಸ್ಟ್. ತೀರಿಕೊಂಡವರ ಆಸ್ತಿ ನೇರ ಹೆಂಡತಿಯ ಕೈಗೆ ಬರದೆ ಈ ಟ್ರಸ್ಟಿಗೆ ಹೋಗುತ್ತದೆ. ಟ್ರಸ್ಟಿಗಳಲ್ಲಿ ಒಬ್ಬರಾದರೂ ಅಮೆರಿಕದ ಪ್ರಜೆ ಅಥವಾ ಅಲ್ಲಿನ ಕಂಪನಿ ಇರಬೇಕು, ಅಸಲು ಕೊಡುವಾಗ ತೆರಿಗೆ ಹಿಡಿದುಕೊಳ್ಳುವ ಹಕ್ಕು ಅವರಿಗಿರಬೇಕು. ಆಸ್ತಿ 20 ಲಕ್ಷ ಡಾಲರ್ ಮೀರಿದರೆ ಅಮೆರಿಕದ ಬ್ಯಾಂಕೇ ಟ್ರಸ್ಟಿಯಾಗಬೇಕು, ಇಲ್ಲವೇ ಆಸ್ತಿ ಬೆಲೆಯ ಶೇ 65ರಷ್ಟಕ್ಕೆ ಬಾಂಡ್ ಅಥವಾ ಲೆಟರ್ ಆಫ್ ಕ್ರೆಡಿಟ್ ಎಂಬ ಬ್ಯಾಂಕಿನ ಖಾತರಿ ಪತ್ರ ಕೊಡಬೇಕು. 20 ಲಕ್ಷದೊಳಗೆ ಇದ್ದರೂ, ಟ್ರಸ್ಟಿನ ಶೇ 35ಕ್ಕಿಂತ ಹೆಚ್ಚು ಪಾಲು ಹೊರದೇಶದ ಜಮೀನು, ಮನೆಯಾಗಿದ್ದರೆ ಅದೇ ಬಿಗಿ. ಊರಿನ ಹೊಲವನ್ನು ಇದರೊಳಗೆ ತಳ್ಳುವ ಯೋಚನೆ ಇಲ್ಲೇ ಕೈಬಿಡಬೇಕು. ಟ್ರಸ್ಟಿನ ಬಡ್ಡಿ, ಡಿವಿಡೆಂಡು, ಬಾಡಿಗೆ ಹೆಂಡತಿಗೆ ಬಂದರೆ ಎಸ್ಟೇಟ್ ಟ್ಯಾಕ್ಸ್ ಇಲ್ಲ. ಅಸಲಿಗೆ ಕೈ ಹಾಕಿದರೆ ಗಂಡನ ಲೆಕ್ಕದಲ್ಲೇ ತೆರಿಗೆ ಬೀಳುತ್ತದೆ. ಆಸ್ಪತ್ರೆ ಖರ್ಚಿನಂಥ ತುರ್ತು, ಬೇರೆ ದಾರಿ ಇಲ್ಲದ ಅಗತ್ಯಕ್ಕೆ ಮಾತ್ರ ರಿಯಾಯಿತಿ. ಅಂದರೆ ಕ್ಯೂಡಾಟ್ ತೆರಿಗೆ ಕಳೆಯುವುದಿಲ್ಲ, ಮುಂದಕ್ಕೆ ಹಾಕುತ್ತದೆ. ಗಂಡ ವಿಲ್‌ನಲ್ಲಿ ಬರೆಯದೆ ಹೋಗಿದ್ದರೂ ಹೆಂಡತಿಯೇ ತನಗೆ ಬಂದ ಆಸ್ತಿಯನ್ನು ಇಂಥ ಟ್ರಸ್ಟಿಗೆ ಹಾಕಬಹುದು, ರಿಟರ್ನ್ ಸಲ್ಲಿಸುವುದರೊಳಗೆ. ರಿಟರ್ನ್ ಎಂದರೆ ಎಸ್ಟೇಟ್ ಟ್ಯಾಕ್ಸಿನ ಫಾರಂ 706, ಅದನ್ನು ಸಲ್ಲಿಸಲು ಸಾವಿನ ದಿನದಿಂದ 9 ತಿಂಗಳು. ಫಾರಂ 4768 ಕೊಟ್ಟರೆ ಇನ್ನೂ 6 ತಿಂಗಳು.

ಎರಡನೆಯ ದಾರಿ, ಆ ರಿಟರ್ನ್ ಸಲ್ಲಿಸುವ ಮೊದಲೇ ಹೆಂಡತಿ ಪ್ರಜೆಯಾಗುವುದು. ಗಂಡ ತೀರಿದ ದಿನದಿಂದ ಪ್ರಜೆಯಾಗುವ ದಿನದವರೆಗೆ ಆಕೆಯ ನೆಲೆ ಅಮೆರಿಕವೇ ಆಗಿದ್ದರೆ ಪೂರ್ತಿ ಮಾಫಿ ಸಿಗುತ್ತದೆ. ಇಲ್ಲಿ ಒಂದು ಗುಂಡಿ ಇದೆ. ಪ್ರಜೆಯ ಹೆಂಡತಿಗೆ ಗ್ರೀನ್ ಕಾರ್ಡ್ ಬಂದ 3 ವರ್ಷಕ್ಕೇ ಪೌರತ್ವದ ಅರ್ಜಿ ಹಾಕಲು ಅವಕಾಶ. ಆದರೆ ಪ್ರಮಾಣವಚನದ ಮೊದಲು ಗಂಡ ತೀರಿಕೊಂಡರೆ ಆ 3 ವರ್ಷದ ದಾರಿ ಮುಚ್ಚಿಹೋಗುತ್ತದೆ, ಎಲ್ಲರಂತೆ 5 ವರ್ಷ ತುಂಬಬೇಕು. ಅರ್ಹತೆ ಬಂದ ಮೇಲೂ "ಊರಿನ ಹೊಲ ಹೋಗುತ್ತದೆ" ಎಂಬ ಭಯಕ್ಕೆ ಅರ್ಜಿ ಮುಂದೂಡುವವರು ಬಹಳ. ಆ ಭಯ ಅರ್ಧ ಸುಳ್ಳು. ಅಮೆರಿಕದ ಪ್ರಜೆಯಾದರೆ ಭಾರತದ ಪೌರತ್ವ ಹೋಗುವುದು ನಿಜ. ಬೇರೆ ದೇಶದ ಪ್ರಜೆಯಾದ ಭಾರತ ಮೂಲದವರಿಗೆ ಸಿಗುವ ಓಸಿಐ ಕಾರ್ಡಿನವರು ಹೊಸದಾಗಿ ಕೃಷಿ ಜಮೀನು ಕೊಳ್ಳುವಂತಿಲ್ಲ, ಅದೂ ನಿಜ. ಆದರೆ ಮೊದಲೇ ಇದ್ದ ಹೊಲ ಇಟ್ಟುಕೊಳ್ಳಬಹುದು, ಅಪ್ಪ ಅವ್ವನಿಂದ ವಾರಸಾ ಬಂದ ಹೊಲವನ್ನೂ ಇಟ್ಟುಕೊಳ್ಳಬಹುದು. ಮಾರುವಾಗ ಭಾರತದಲ್ಲಿರುವ ಭಾರತೀಯ ಪ್ರಜೆಗೇ ಮಾರಬೇಕು, ಹಣವನ್ನು ಅನಿವಾಸಿಗಳು ಭಾರತದ ಬ್ಯಾಂಕಿನಲ್ಲಿ ಇಡುವ ಎನ್‌ಆರ್‌ಒ ಖಾತೆಯಿಂದ ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಹೊರಗೆ ಒಯ್ಯಬಹುದು.

ಜಂಟಿ ಹೆಸರಿನ ಮನೆಯ ಲೆಕ್ಕ ಬೇರೆ, ಜನ ಹೆಚ್ಚು ಎಡವುವುದು ಇಲ್ಲೇ. ಇಬ್ಬರೂ ಪ್ರಜೆಗಳಾಗಿದ್ದರೆ, ಒಬ್ಬರ ನಂತರ ಪೂರ್ತಿ ಇನ್ನೊಬ್ಬರಿಗೆ ಹೋಗುವಂತೆ ಜಂಟಿಯಾಗಿ ಕೊಂಡ ಮನೆಯ ಅರ್ಧ ಮಾತ್ರ ತೀರಿಕೊಂಡವರ ಲೆಕ್ಕಕ್ಕೆ ಬರುತ್ತದೆ. ಉಳಿದವರು ಪ್ರಜೆಯಲ್ಲದಿದ್ದರೆ ಪೂರ್ತಿ ಮನೆ ತೀರಿಕೊಂಡವರದೇ ಎಂದು ಹಿಡಿಯುತ್ತಾರೆ. "ನನ್ನ ಸಂಬಳದಿಂದ ಇಷ್ಟು ಹೋಗಿದೆ" ಎಂದು ಹೆಂಡತಿ ತೋರಿಸಿದಷ್ಟು ಮಾತ್ರ ಕಳೆಯುತ್ತಾರೆ. ಇಪ್ಪತ್ತು ವರ್ಷದ ಹಿಂದಿನ ಡೌನ್ ಪೇಮೆಂಟ್ ಯಾರ ಖಾತೆಯಿಂದ ಹೋಯಿತು, ತಿಂಗಳ ಕಂತು ಯಾರ ಖಾತೆಯಿಂದ ಹೋಗುತ್ತಿತ್ತು ಎಂಬುದು ಕಾಗದದಲ್ಲಿ ಬೇಕು. ಮಾವನವರು ಹುಮನಾಬಾದಿನ ಸೈಟು ಮಾರಿ ಮಗಳ ಖಾತೆಗೆ ಕಳಿಸಿದ ಹಣ ಆ ಮನೆಗೆ ಹೋಗಿದ್ದರೆ ಅದು ಹೆಂಡತಿಯ ಪಾಲು. ಆದರೆ ಆ ವೈರ್ ಟ್ರಾನ್ಸ್‌ಫರ್ ಚೀಟಿ ಇಲ್ಲದೆ ಯಾರೂ ನಂಬುವುದಿಲ್ಲ. ಬ್ಯಾಂಕುಗಳು ಹಳೆಯ ಸ್ಟೇಟ್‌ಮೆಂಟ್ ಬಹಳ ವರ್ಷ ಇಡುವುದಿಲ್ಲ. ಇವತ್ತೇ ಇಳಿಸಿ ಇಟ್ಟುಕೊಳ್ಳಿ.

ಬದುಕಿರುವಾಗಲೇ ಹೆಂಡತಿಯ ಹೆಸರಿಗೆ ಸ್ವಲ್ಪ ಸ್ವಲ್ಪ ಮಾಡಿಡುವುದು ಒಳ್ಳೆಯ ಕೆಲಸ. ಪ್ರಜೆಯಲ್ಲದ ಹೆಂಡತಿಗೆ ಅಥವಾ ಗಂಡನಿಗೆ 2026ರಲ್ಲಿ 1 ಲಕ್ಷ 94 ಸಾವಿರ ಡಾಲರ್‌ವರೆಗೆ ಕೊಟ್ಟರೆ ಗಿಫ್ಟ್ ಟ್ಯಾಕ್ಸಿನ ಮಾತಿಲ್ಲ. ಅದು ಮೀರಿದರೆ ಫಾರಂ 709 ತುಂಬಬೇಕು, ಮೀರಿದ್ದು ಕೊಟ್ಟವರ ಜೀವಮಾನದ ವಿನಾಯಿತಿಯಿಂದ ಕಳೆಯುತ್ತದೆ.

ಎಲ್ಲಕ್ಕಿಂತ ಹೆಚ್ಚು ನಷ್ಟ ಮಾಡುವ ಸಂಗತಿಯನ್ನು ಈಗ ಬಿಡಿಸಿ ಹೇಳುತ್ತೇನೆ. ನ್ಯೂಜೆರ್ಸಿಯಲ್ಲಿ ಗಂಡ ತೀರಿಕೊಂಡ. ಹೆಂಡತಿಗೆ ಗ್ರೀನ್ ಕಾರ್ಡ್ ಇತ್ತು, ಪೌರತ್ವ ಇಲ್ಲ. 6 ಲಕ್ಷ ಡಾಲರಿನ ಮನೆ, 5 ಲಕ್ಷದ ಶೇರು ಆಕೆಗೆ ಬಂತು. ಗಂಡನ ವಿನಾಯಿತಿ ದೊಡ್ಡದು, ತೆರಿಗೆ ಇಲ್ಲ. ಒಂಟಿಯಾಗಿ ಇರಲಾರದೆ, ಮೈದುನನ ಕುಟುಂಬದ ಜೊತೆ ಇರಲು ಭಾಲ್ಕಿಗೆ ಬಂದಳು, ಗ್ರೀನ್ ಕಾರ್ಡ್ ಬಿಟ್ಟುಕೊಟ್ಟಳು. ಮನೆ ಬಾಡಿಗೆಗೆ ಕೊಟ್ಟಳು, ಶೇರು ಹಾಗೇ ಇತ್ತು. ಕೆಲವು ವರ್ಷದ ನಂತರ ಆಕೆ ಭಾಲ್ಕಿಯಲ್ಲಿ ತೀರಿಕೊಂಡಾಗ ಆಕೆ ಅಮೆರಿಕದ ಪ್ರಜೆಯೂ ಅಲ್ಲ, ಅಲ್ಲಿ ನೆಲೆಸಿದವಳೂ ಅಲ್ಲ. ವಿನಾಯಿತಿ 60 ಸಾವಿರ. 11 ಲಕ್ಷ ಡಾಲರಿಗೆ, ಹಂತ ಹಂತವಾಗಿ ಶೇ 40ಕ್ಕೆ ಏರುವ ದರದ ಪಟ್ಟಿಯ ಪ್ರಕಾರ ತೆರಿಗೆ 3,85,800; ಅದರಲ್ಲಿ 60 ಸಾವಿರಕ್ಕೆ ಸಮನಾದ 13,000 ಕಳೆದರೆ 3,72,800 ಡಾಲರ್. ಮಕ್ಕಳು ಅಮೆರಿಕದ ಪ್ರಜೆಗಳಾಗಿದ್ದರೂ ಈ ಲೆಕ್ಕ ಬದಲಾಗುವುದಿಲ್ಲ.

ಇದೇ ಹೆಣ್ಣುಮಗಳು ಮೊದಲು ಪೌರತ್ವ ಪಡೆದು ಆಮೇಲೆ ಊರಿಗೆ ಬಂದಿದ್ದರೆ, ಎಲ್ಲೇ ಇದ್ದರೂ 1.5 ಕೋಟಿಯ ವಿನಾಯಿತಿ ಆಕೆಗಿತ್ತು. ಪ್ರತಿ ವರ್ಷ ಅಮೆರಿಕಕ್ಕೂ ರಿಟರ್ನ್ ಹಾಕುವ ಕಷ್ಟ ಇರುತ್ತಿತ್ತು, ಅಷ್ಟೆ. ಪೌರತ್ವ ಬೇಡ ಎನ್ನುವುದಾದರೆ ಊರಿಗೆ ಬರುವ ಮೊದಲು ಅಥವಾ ಬಂದ ಕೂಡಲೇ ಶೇರು ಮಾರಿ ಬ್ಯಾಂಕಿನ ಠೇವಣಿ ಮಾಡಬಹುದಿತ್ತು. ಇಂಥವರ ಅಮೆರಿಕದ ಬ್ಯಾಂಕ್ ಠೇವಣಿ ಎಸ್ಟೇಟ್ ಟ್ಯಾಕ್ಸಿನ ಲೆಕ್ಕಕ್ಕೆ ಬರುವುದಿಲ್ಲ. ಬ್ರೋಕರ್ ಖಾತೆಯಲ್ಲಿ ಬಿದ್ದಿರುವ ನಗದು ಬೇರೆ, ಅದನ್ನು ಠೇವಣಿ ಎಂದುಕೊಳ್ಳಬಾರದು. ಇನ್ನೊಂದು ದಾರಿ ಬಹಳ ಜನಕ್ಕೆ ಗೊತ್ತಿಲ್ಲ: ನೆಲೆ ಅಮೆರಿಕ ಅಲ್ಲದ, ಪ್ರಜೆಯೂ ಅಲ್ಲದ ವ್ಯಕ್ತಿ ಬದುಕಿರುವಾಗ ಅಮೆರಿಕದ ಶೇರನ್ನು ಮಕ್ಕಳಿಗೆ ದಾನ ಕೊಟ್ಟರೆ ಅದಕ್ಕೆ ಅಲ್ಲಿನ ಗಿಫ್ಟ್ ಟ್ಯಾಕ್ಸ್ ಇಲ್ಲ. ಅದೇ ಶೇರು ಸಾವಿನ ನಂತರ ಹೋದರೆ ತೆರಿಗೆ ಇದೆ. ಮನೆಗೆ ಈ ಅನುಕೂಲ ಇಲ್ಲ, ಮನೆಯ ದಾನಕ್ಕೂ ತೆರಿಗೆ ಬೀಳುತ್ತದೆ. ಮನೆ ಮಾರುವುದಾದರೆ ಅಮೆರಿಕ ಬಿಡುವ ಮೊದಲೇ ಮಾರುವುದು ಸುಲಭ. ವಿದೇಶಿ ಎನಿಸಿದ ಮೇಲೆ ಮಾರಿದರೆ ಸಾಮಾನ್ಯವಾಗಿ ಬೆಲೆಯ ಶೇ 15 ಮುಂಗಡವಾಗಿ ಹಿಡಿಯುತ್ತಾರೆ. ಗ್ರೀನ್ ಕಾರ್ಡ್ ಬಿಡುವ ಮೊದಲು ಒಂದು ಲೆಕ್ಕ ಹಾಕಿ: ಹಿಂದಿನ 15 ವರ್ಷಗಳಲ್ಲಿ 8 ವರ್ಷ ಕಾರ್ಡ್ ಇಟ್ಟುಕೊಂಡವರ ನಿವ್ವಳ ಆಸ್ತಿ 20 ಲಕ್ಷ ಡಾಲರ್ ಮುಟ್ಟಿದ್ದರೆ ದೇಶ ಬಿಡುವಾಗಿನ ತೆರಿಗೆಯ ಬೇರೆ ಅಧ್ಯಾಯವೇ ತೆರೆಯುತ್ತದೆ.

ವಾಪಸ್ ಬಂದ ಎಂಜಿನಿಯರ್‌ಗಳೂ ಇದೇ ಸಾಲಿನಲ್ಲಿದ್ದಾರೆ. ಕಂಪನಿ ಕೊಟ್ಟ ಶೇರು 2.5 ಲಕ್ಷ ಡಾಲರ್, ನಿವೃತ್ತಿಗೆ ಕೂಡಿಡುವ 401(ಕೆ) ಖಾತೆಯಲ್ಲಿ 1.5 ಲಕ್ಷ, ಬ್ಯಾಂಕಿನಲ್ಲಿ 50 ಸಾವಿರ. ಬ್ಯಾಂಕಿನದು ಬಿಟ್ಟು 4 ಲಕ್ಷಕ್ಕೆ ಅದೇ ಪಟ್ಟಿಯಿಂದ ಲೆಕ್ಕ ಹಾಕಿ 13,000 ಕಳೆದರೆ ತೆರಿಗೆ 1,08,800 ಡಾಲರ್, ಹೆಂಡತಿ ಭಾರತದ ಪ್ರಜೆ ಎಂದಾದರೆ ಮಾಫಿಯೂ ಇಲ್ಲ. ಅಮೆರಿಕಕ್ಕೆ ಕಾಲೇ ಇಡದೆ ಫೋನಿನ ಆ್ಯಪ್‌ನಲ್ಲಿ ಅಲ್ಲಿನ ಶೇರು ಕೊಂಡ ಯಾದಗಿರಿಯ ಹುಡುಗನಿಗೂ 60 ಸಾವಿರದ ಗೆರೆ ಇದೇ. ಕಂಪನಿ ಅಮೆರಿಕದ್ದಾದರೆ ಶೇರು ಎಲ್ಲಿಟ್ಟರೂ ಅದು ಅಮೆರಿಕದ ಆಸ್ತಿ. ಅಮೆರಿಕದ ಶೇರುಗಳಲ್ಲಿ ಹಣ ಹೂಡುವ ಭಾರತದ ಮ್ಯೂಚುವಲ್ ಫಂಡ್ ಅಥವಾ ಐರ್ಲೆಂಡಿನಲ್ಲಿ ನೋಂದಣಿಯಾದ ಇಟಿಎಫ್ (ಶೇರು ಪೇಟೆಯಲ್ಲಿ ಕೊಳ್ಳುವ ಫಂಡ್) ಕೊಂಡರೆ ಈ ತೊಡಕಿಲ್ಲ, ಏಕೆಂದರೆ ನಿಮ್ಮ ಕೈಯಲ್ಲಿರುವ ಯೂನಿಟ್ ಅಮೆರಿಕದ್ದಲ್ಲ. 60 ಸಾವಿರದ ಗೆರೆ ದಾಟಿದ ಖಾತೆಯವರು ತೀರಿಕೊಂಡರೆ ಮನೆಯವರು ಎಸ್ಟೇಟ್ ಟ್ಯಾಕ್ಸಿನ ಫಾರಂ 706-ಎನ್‌ಎ ಸಲ್ಲಿಸಬೇಕು. ಬ್ರೋಕರ್ ಶೇರು ಬಿಡಲು ಟ್ರಾನ್ಸ್‌ಫರ್ ಸರ್ಟಿಫಿಕೇಟ್ ಕೇಳುತ್ತಾನೆ, ಅದನ್ನು ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್ ಕೊಡುವವರೆಗೆ ತಿಂಗಳುಗಟ್ಟಲೆ ಖಾತೆ ಹೆಪ್ಪುಗಟ್ಟಿರುತ್ತದೆ.

ಈಗ ಊರಿನ ಹೊಲ. ಅಮೆರಿಕದ ಪ್ರಜೆ ಅಥವಾ ಅಲ್ಲಿ ನೆಲೆಸಿದವರ ಲೆಕ್ಕಕ್ಕೆ ಅದು ಸೇರುತ್ತದೆ ಎಂದೆ. ಎಷ್ಟು ಸೇರುತ್ತದೆ ಎಂಬುದೇ ಕಷ್ಟ. ಪಹಣಿ ತೆಗೆದು 9ನೆಯ ಕಾಲಂ ನೋಡಿ. ಅಲ್ಲಿ ಇನ್ನೂ ಮುತ್ತ್ಯಾನ ಹೆಸರಿರಬಹುದು, ಅಥವಾ ನಾಲ್ಕು ಅಣ್ಣತಮ್ಮಂದಿರ ಜಂಟಿ ಹೆಸರು. ಬಾಯಿಮಾತಿನ ವಾಟ್ನಿಯಾಗಿ ಇಪ್ಪತ್ತು ವರ್ಷದಿಂದ ಬೇರೆ ಬೇರೆ ಉಳುತ್ತಿದ್ದರೂ ಕಾಗದದಲ್ಲಿ ಅದು ಇರುವುದಿಲ್ಲ. 12ನೆಯ ಕಾಲಮಿನಲ್ಲಿ ಸಾಗುವಳಿ ಯಾರದು, ಬೆಳೆ ಯಾವುದು ಎಂಬುದಷ್ಟೇ. 11ನೆಯದರಲ್ಲಿ ಸಾಲದ ಬೋಜಾ ಇದ್ದರೆ ಅದನ್ನೂ ಬರೆದುಕೊಳ್ಳಿ, ಲೆಕ್ಕದಲ್ಲಿ ಕಳೆಯಲು ಬೇಕಾಗುತ್ತದೆ. 1948ಕ್ಕಿಂತ ಹಿಂದಿನ ನಿಜಾಮ್ ಕಾಲದ ದಾಖಲೆ ಬೇಕಾದರೆ ಅದು ಉರ್ದುವಿನಲ್ಲಿರುತ್ತದೆ, ಓದಿಸಿ ಅನುವಾದ ಮಾಡಿಸಲು ಸಮಯ ಹಿಡಿಯುತ್ತದೆ. ಹೆಸರಿನ ತೊಡಕು ನಮ್ಮ ಕಡೆ ತಪ್ಪಿದ್ದಲ್ಲ: ಪಹಣಿಯಲ್ಲಿ "ಶರಣಪ್ಪ ತಂದೆ ಬಸಣ್ಣ", ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರು ಸೇರಿ ಬೇರೆಯೇ ಹೆಸರು. ಎರಡೂ ಒಬ್ಬರೇ ಎಂಬ ಅಫಿಡವಿಟ್ಟನ್ನು ಆ ವ್ಯಕ್ತಿ ಬದುಕಿರುವಾಗಲೇ ಮಾಡಿಸಿ. 9 ತಿಂಗಳ ಗಡುವು ಓಡುತ್ತಿರುವಾಗ ಇದೆಲ್ಲ ಆಗುವ ಮಾತಲ್ಲ.

ಬೆಲೆ ಹಾಕುವಾಗ ಸರ್ಕಾರಿ ರೇಟು ಬರೆದು ಕೈ ತೊಳೆದುಕೊಳ್ಳಬೇಡಿ. ಅಮೆರಿಕ ಕೇಳುವುದು ಸಾವಿನ ದಿನ ಆ ಹೊಲ ಮಾರುಕಟ್ಟೆಯಲ್ಲಿ ಎಷ್ಟಕ್ಕೆ ಹೋಗುತ್ತಿತ್ತು ಎಂಬುದನ್ನು. ಅನುಮೋದಿತ ವ್ಯಾಲ್ಯುಯರ್‌ನಿಂದ ಆ ದಿನಾಂಕಕ್ಕೆ ವರದಿ ತೆಗೆಸಿ, ಅದೇ ದಿನದ ಡಾಲರ್ ದರ ಹಾಕಿ. ಕಡಿಮೆ ತೋರಿಸಿದರೆ ಲಾಭ ಎನ್ನುವುದು ತಪ್ಪು ಲೆಕ್ಕ. ಒಟ್ಟು ಆಸ್ತಿ 1.5 ಕೋಟಿಯೊಳಗೆ ಇದ್ದರೆ ನಿಜವಾದ ಬೆಲೆ ಬರೆದರೂ ಎಸ್ಟೇಟ್ ಟ್ಯಾಕ್ಸ್ ಬೀಳುವುದಿಲ್ಲ. ಮುಂದೆ ಅಮೆರಿಕದಲ್ಲಿರುವ ಮಗ ಆ ಹೊಲ ಮಾರಿದಾಗ ಅವನ ಖರೀದಿ ಬೆಲೆ ಎಂದು ಅಲ್ಲಿನ ಸರ್ಕಾರ ಒಪ್ಪುವುದು ಸಾವಿನ ದಿನದ ಬೆಲೆಯನ್ನೇ. ಕಲಬುರಗಿ, ಬೀದರ್ ನಗರದ ಎಲ್ಲೆಯಿಂದ ನೇರ ದೂರ 6 ಕಿಲೋಮೀಟರ್, ಯಾದಗಿರಿಯಿಂದ 2 ಕಿಲೋಮೀಟರ್ ಆಚೆಗಿನ ಕೃಷಿ ಹೊಲ ಮಾರಿದರೆ ಭಾರತದಲ್ಲಿ ಕ್ಯಾಪಿಟಲ್ ಗೇನ್ಸ್, ಅಂದರೆ ಮಾರಾಟದ ಲಾಭದ ಮೇಲಿನ ತೆರಿಗೆ ಇಲ್ಲ. ಅಮೆರಿಕದಲ್ಲಿ ಇದೆ. ಆಗ ಆ ಹಳೆಯ ವರದಿಯೇ ಕಾಪಾಡುವುದು. ಊರಲ್ಲೇ ಬಾಳಿ ತೀರಿಕೊಂಡ ಅಪ್ಪ ಅವ್ವನ ಹೊಲಕ್ಕೂ ಇದೇ ಮಾತು. ಅವರಿಂದ ಒಂದು ವರ್ಷದಲ್ಲಿ 1 ಲಕ್ಷ ಡಾಲರ್ ಮೀರಿ ಬಂದರೆ ಅಲ್ಲಿರುವ ಮಗಳು ಅಥವಾ ಮಗ ಫಾರಂ 3520 ಕೊಡಬೇಕು. ತೆರಿಗೆ ಇಲ್ಲ, ಆದರೆ ಕೊಡದಿದ್ದರೆ ತಿಂಗಳಿಗೆ ಶೇ 5ರಂತೆ ಶೇ 25ರವರೆಗೆ ದಂಡ.

ವಿಲ್ ಇಲ್ಲದಿದ್ದರೆ ಹೊಲ ಯಾರಿಗೆ ಎಂಬುದನ್ನು ಭಾರತದ ಕಾನೂನು ಹೇಳುತ್ತದೆ. ಹಿಂದೂ ಗಂಡಸಿನ ಸ್ವಂತ ಆಸ್ತಿಯಲ್ಲಿ ಹೆಂಡತಿ, ಮಕ್ಕಳ ಜೊತೆ ಅವ್ವನಿಗೂ ಸಮಪಾಲು. ಮುಸ್ಲಿಂ ಕುಟುಂಬದಲ್ಲಿ ಮಕ್ಕಳಿದ್ದರೆ ಹೆಂಡತಿಗೆ ಎಂಟನೆಯ ಒಂದು ಪಾಲು, ವಿಲ್ ಬರೆದರೂ ಮೂರನೆಯ ಒಂದು ಭಾಗಕ್ಕಷ್ಟೇ ಅದು ನಡೆಯುತ್ತದೆ. ಗಂಡ ಹೆಂಡತಿ ಮಾಫಿ ಸಿಗುವುದು ಹೆಂಡತಿಗೆ ನಿಜವಾಗಿ ಬಂದ ಪಾಲಿಗೆ ಮಾತ್ರ. ಅವ್ವನಿಗೆ, ಮಕ್ಕಳಿಗೆ ಹೋದದ್ದು ವಿನಾಯಿತಿಯ ಮೊತ್ತದಿಂದಲೇ ಕಳೆಯುತ್ತದೆ. ಆದ್ದರಿಂದ ಎರಡು ವಿಲ್ ಬರೆಸುವುದು ಮೇಲು: ಅಮೆರಿಕದ ಆಸ್ತಿಗೆ ಅಲ್ಲಿನ ವಕೀಲರಿಂದ ಒಂದು, ಭಾರತದ ಆಸ್ತಿಗೆ ಇಲ್ಲಿನ ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿದ ಇನ್ನೊಂದು. ಎರಡನೆಯದರಲ್ಲಿ "ನನ್ನ ಹಿಂದಿನ ಎಲ್ಲ ವಿಲ್ ರದ್ದು" ಎಂಬ ರೂಢಿಯ ಸಾಲು ಇದ್ದರೆ ಮೊದಲನೆಯದೂ ರದ್ದಾಗುತ್ತದೆ. ಆ ಜಾಗದಲ್ಲಿ "ಭಾರತದ ಆಸ್ತಿಗೆ ಸಂಬಂಧಿಸಿದ ಹಿಂದಿನ ವಿಲ್ ಮಾತ್ರ ರದ್ದು" ಎಂದು ಬರೆಸಿ, ಸಹಿ ಹಾಕುವ ಮೊದಲು ಕರಡನ್ನು ಅಮೆರಿಕದ ವಕೀಲರಿಗೂ ಕಳಿಸಿ.